ಹತ್ತು ಕುದುರೆಯ ಭಾರ

ನಮ್ಮೂರಿನಲ್ಲಿ ಎಚ್‌ಪಿ ಎಂದರೆ ಪಂಪ್‌ಸೆಟ್ಟಿನ ಮಾತು. ಐದೋ ಏಳೂವರೆಯೋ, ಮೋಟರಿನ ಮೈಮೇಲಿನ ತಗಡಿನಲ್ಲಿ ಇದ್ದದ್ದೇ ಕೊನೆ. ಅದಕ್ಕೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಇಂಡಿಯಾನಾಪೊಲಿಸ್‌ಗೆ ಬಂದು, ಲೇಬರ್ ಡೇ ರಜೆಗೆ ಯು.ಎಸ್. ನ್ಯಾಷನಲ್ಸ್ ಡ್ರ್ಯಾಗ್ ರೇಸಿಗೆ ಹೋಗತೊಡಗಿದ ಮೇಲೆ, ಇದೇ ಅಂಕಿಗಾಗಿ ವರ್ಷಗಟ್ಟಲೆ ವಾದಿಸುವವರ ಪರಿಚಯವಾಯಿತು. ಈಗ ನಾನೂ ಅವರಲ್ಲೊಬ್ಬ.

ಬೆಂಕಿ ಉಗುಳುವ ಟಾಪ್ ಫ್ಯೂಯೆಲ್ ಗಾಡಿಗಳಿಗೆ ಜನ ಕಿಕ್ಕಿರಿಯುತ್ತಾರೆ. ನನ್ನ ಜೀವವಿರುವುದು ಸ್ಟಾಕ್ ಮತ್ತು ಸೂಪರ್ ಸ್ಟಾಕ್ ಕಾರುಗಳಲ್ಲಿ. ಒಂದು ಕಾಲಕ್ಕೆ ಶೋರೂಮಿನಿಂದ ಹೊರಬಿದ್ದ ಕಾರುಗಳವು. ಕಾರಿನ ತೂಕವನ್ನು ಎಚ್‌ಪಿಯಿಂದ ಭಾಗಿಸಿದರೆ ಬರುವುದೇ ಅದರ ಕ್ಲಾಸು. ಎಚ್‌ಪಿಯೇ ಸುಳ್ಳಾದರೆ ಲೆಕ್ಕವೆಲ್ಲ ಕೆಟ್ಟಿತು.

1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ 335 ಎಚ್‌ಪಿ ಎಂದು ಬರೆಯಿತು. ಅದರ ನಿಜವಾದ ಕಸುವು ಎಷ್ಟೋ ಹೆಚ್ಚು. ಆ ವರ್ಷ ಪೊಮೋನಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಅಲ್ ಜೋನಿಯೆಕ್ ಅದೇ ಎಂಜಿನ್ನಿನ ಮಸ್ಟಾಂಗ್ ಓಡಿಸಿ ಸೂಪರ್ ಸ್ಟಾಕ್ ಗೆದ್ದರು. ಇಂಥದಕ್ಕೆಂದೇ ರೇಸು ನಡೆಸುವ ಎನ್‌ಎಚ್‌ಆರ್‌ಎ ಕಾರ್ಖಾನೆಯ ಅಂಕಿಯನ್ನು ತಾನೇ ತಿದ್ದುತ್ತದೆ. ಟ್ರ್ಯಾಕಿನ ಮೇಲೆ ಓಡಿದ ಸಮಯವೇ ಸಾಕ್ಷಿ. ಇದಕ್ಕಿಂತ ನ್ಯಾಯವಾದ ತಕ್ಕಡಿ ನನಗೆ ಕಾಣದು, ಆದರೂ ಹೊಟ್ಟೆ ಚುರ್ ಎನ್ನುತ್ತದೆ. ಎಚ್‌ಪಿಗೆ 10 ಪೌಂಡಿನ ಲೆಕ್ಕದ ಕಾರಿಗೆ 10 ಎಚ್‌ಪಿ ಏರಿಸಿದರೆ, ಅದೇ ಲೆಕ್ಕ ಉಳಿಸಿಕೊಳ್ಳಲು 100 ಪೌಂಡು, ಅಂದರೆ 45 ಕಿಲೋ, ಹೆಚ್ಚು ಹೊರಬೇಕು. ಯಾರೋ ಒಬ್ಬ ಮಿಂಚಿನಂತೆ ಓಡಿಸಿದ್ದಕ್ಕೆ, ಅದೇ ಎಂಜಿನ್ನನ್ನು ಮನೆಯ ಗ್ಯಾರೇಜಿನಲ್ಲಿ ಕೂಡಿಸಿಕೊಂಡವನ ತಲೆಗೂ ಆ ಭಾರ ಬೀಳುತ್ತದೆ.

ಗೆದ್ದ ಕಾರಿನ ಎಂಜಿನ್ ಬಿಚ್ಚಿ ಪರೀಕ್ಷಿಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಿದೆ. ಸಿಲಿಂಡರ್ ಹೆಡ್ಡನ್ನು ಅಂಗಾತ ಮಲಗಿಸಿ, ಕುಳಿಯ ಅಂಚಿಗೆ ಗ್ರೀಸು ಸವರಿ, ಮೇಲೊಂದು ಪಾರದರ್ಶಕ ಹಲಗೆ ಒತ್ತಿದರು. ಹಲಗೆಯ ತೂತಿನೊಳಕ್ಕೆ ಬ್ಯುರೆಟ್ಟಿನಿಂದ ಬಣ್ಣದ ದ್ರವ ಇಳಿಯತೊಡಗಿತು. ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್ನಿಗೆ ಹಿಡಿದಿದ್ದ ಅದೇ ಬ್ಯುರೆಟ್ಟು! ಕುಳಿ ಕಿರಿದಾದಷ್ಟೂ ಕಂಪ್ರೆಶನ್ ಹೆಚ್ಚು. ಕದ್ದು ಕಿರಿದು ಮಾಡಿದ್ದರೆ ಇಲ್ಲಿ ಸಿಕ್ಕಿಬೀಳಲೇಬೇಕು. ಕೊನೆಯ ಗಾಳಿಗುಳ್ಳೆ ತೂತಿನತ್ತ ಜಾರಿ ಒಡೆಯುವ ತನಕ ಕಾರಿನ ಯಜಮಾನರು ಕೈಯಲ್ಲಿದ್ದ ಒರೆಸುಬಟ್ಟೆಯನ್ನು ಹಿಂಡುತ್ತಲೇ ಇದ್ದರು. ಅಳತೆ ಸರಿಯಿತ್ತು. ಅವರು ಆ ಬಟ್ಟೆಯಿಂದಲೇ ಮುಖ ಒರೆಸಿಕೊಂಡರು.

ಹೋದ ವರ್ಷ ಅರ್ಹತಾ ಸುತ್ತಿನಲ್ಲಿ ಹಳೆಯ ಕಮಾರೋ ಒಂದು ಚೆನ್ನಾಗಿ ಓಡುತ್ತಿತ್ತು. ಓಟದ 1,320 ಅಡಿ ಮುಗಿಯುವ ಮೊದಲೇ ಅದರ ಬ್ರೇಕ್ ಲೈಟು ಹತ್ತಿತು. ಸಮಯ ತೀರಾ ಕಡಿಮೆಯಾದರೆ ಎಂಜಿನ್ನಿಗೆ ಎಚ್‌ಪಿ ಏರಿಸಿಬಿಡುತ್ತಾರೆಂಬ ಅಂಜಿಕೆ ಅದು. ಬೋರ್ಡಿನಲ್ಲಿ ಬಂದ ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡೆ. ಬ್ರೇಕು ಒತ್ತದಿದ್ದರೆ ಎಷ್ಟಾಗುತ್ತಿತ್ತೆಂದು ಪಕ್ಕದಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕುತ್ತ, ಮುಂದಿನ ಜೋಡಿ ಬಂದು ನಿಂತದ್ದನ್ನೂ ಮರೆತೆ.