"ಪಿಡಿಎಫ್ ಕಳ್ಸು" ಅಂದವರಿಗೆಲ್ಲ: ಆಟದ ನಕ್ಷೆ ಕೊಳ್ಳೂದು, ಪ್ರಿಂಟ್ ಹಾಕ್ಸೂದು

1/5

ಹೋದ ವಾರದ ಫೋಟೊದಾಗ ಟೇಬಲ್ ತುಂಬ ಹಾಸಿದ್ದ ನಕ್ಷೆ ನೋಡಿ ಭಾಳ ಮಂದಿ ಡಿಎಂ ಮಾಡೀರಿ. ಅರ್ಧ ಮಂದಿ "ಇದೇನಪಾ ಆಟ?" ಅಂದ್ರಿ, ಉಳಿದವರು "ಪಿಡಿಎಫ್ ಕಳ್ಸು" ಅಂದ್ರಿ. ಎರಡಕ್ಕೂ ಇಲ್ಲೇ ಉತ್ತರ ಬರೀತೀನಿ. ಉದ್ದ ಅದ, ಸೇವ್ ಮಾಡಿಟ್ಕೊಂಡು ಓದ್ರಿ.

ಮೊದಲು ಆಟ. ಇದಕ್ಕ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂತಾರ. ಒಬ್ಬರು ಕತಿ ಹೇಳ್ತಾರ, ಉಳಿದವರು ಒಂದೊಂದು ಪಾತ್ರ ಹಿಡೀತಾರ. "ನಾ ಬಾಗಿಲ ಒದೀತೀನಿ" ಅಂತ ನೀವು ಅಂದ್ರ ಬಾಗಿಲ ಬಿತ್ತೋ ಇಲ್ಲೋ ಅನ್ನೂದು ಇಪ್ಪತ್ತು ಮುಖದ ದಾಳ ಹೇಳ್ತದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದರ ಹಿರೇ ಆಟ. ಅದರ ಮೂಲ ನಿಯಮಗಳನ್ನ ಜನವರಿ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿ ಬಿಟ್ಟಾರ. ಅಂದ್ರ ಮೂಲದವರ ಹೆಸರು ಹಾಕಿ ಯಾರು ಬೇಕಾದ್ರೂ ಕನ್ನಡಕ್ಕ ತರಬಹುದು. ನಾನು ಬೇಕಾದಷ್ಟನ್ನ ಎರಡು ಹಾಳಿಯೊಳಗ ಕನ್ನಡದಾಗ ಬರ್ಕೊಂಡೀನಿ.

ನಾವು ಐದು ಮಂದಿ. ಇಬ್ಬರು ರಾಯಚೂರಿನವರು, ಇಬ್ಬರು ದೇವದುರ್ಗ ಕಡೆಯವರು, ಒಬ್ಬ ಮಾನ್ವಿ. ಶನಿವಾರ ಕ್ಲಾಸ್ ಮುಗಿದ ಮ್ಯಾಲ ಆಡ್ತೀವಿ. ಐವರೊಳಗ ಲ್ಯಾಪ್‌ಟಾಪ್ ಇರೂದು ಒಬ್ಬರ ಹತ್ರ. ಇಂಗ್ಲಿಷ್ ಕತಿ ಕೇಳಿ ತಲಿಯೊಳಗ ಕೋಣೆ ಕಟ್ಟಿಕೊಳ್ಳೂದು ಎಲ್ಲರಿಗೂ ಆಗೂದಿಲ್ಲ. ಆದ್ರ ನಡುವ ಹಾಳಿ ಹಾಸಿದ್ರ, ಬಾಗಿಲ ಎಲ್ಲದ, ರಾಕ್ಷಸ ಎಲ್ಲಾನ ಅಂತ ಐವರಿಗೂ ಒಂದೇ ಸಲ ಕಾಣ್ತದ. ಮಾನ್ವಿ ದೋಸ್ತ ಮೊದಲ ಎರಡು ವಾರ ತುಟಿ ಪಿಟಕ್ ಅನ್ನಲಿಲ್ಲ. ಹಾಳಿ ಬಂದ ದಿನ ಬೆರಳಿಟ್ಟು "ನಾ ಇಲ್ಲಿಂದ ಹಿಂದಿನ ಕಿಟಕಿಗೆ ಹೊಕ್ಕೀನಿ" ಅಂದ. ಈಗ ಅವನ ಬಾಯಿ ಮುಚ್ಸೂದೇ ಕಷ್ಟ.

2/5: ಅಳತಿ

ಕೊಳ್ಳೂಕಿಂತ ಮೊದಲು ಇದನ್ನ ತಿಳ್ಕೊಳ್ರಿ. ಜಗಳದ ನಕ್ಷೆಗೆ ಬ್ಯಾಟಲ್ ಮ್ಯಾಪ್ ಅಂತಾರ. ಅದರಾಗ ಚೌಕಾಬಾರದಂಗ ಮನಿ ಇರ್ತಾವ. ಒಂದು ಮನಿ ಒಂದು ಇಂಚು, ಆ ಒಂದು ಇಂಚು ಅಂದ್ರ ಕತಿಯೊಳಗ 5 ಅಡಿ. ಸಾಮಾನ್ಯ ಮನುಷ್ಯ ಒಂದು ಸರದಿಗೆ 30 ಅಡಿ, ಅಂದ್ರ 6 ಮನಿ ನಡೀತಾನ.

ನಮ್ಮ ರಾಯಚೂರು ಕೋಟೆ ಗೋಡ್ಯಾಗ 1294ರ ಶಾಸನದ ಕಲ್ಲು ಅದ ಅಲ್ಲ, ಸುಮಾರು 41 ಅಡಿ ಉದ್ದದ್ದು? ನಕ್ಷೆಯೊಳಗ ಅದು 8 ಮನಿ ಆಗ್ತದ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲಿಕ್ಕೆ ಎರಡು ಸರದಿ ಬೇಕು. ಒಂದೇ ಕಲ್ಲು ಅನ್ನೂದು ನೆನಪಿರಲಿ.

ಅದೇ ಲೆಕ್ಕದಾಗ ಒಂದು ಕಿಲೊಮೀಟರ್ ಹೊಲ ಬರೀಬೇಕಂದ್ರ 55 ಅಡಿ ಹತ್ರ ಹಾಳಿ ಬೇಕು. ಅದಕ್ಕ ಕೋಣೆ, ಗುಡಿ, ಅಗಸಿ ಬಾಗಿಲಕ್ಕ ಒಂದು ನಮೂನಿ ನಕ್ಷೆ, ಊರು, ದಾರಿ, ಹಳ್ಳಕ್ಕ ಇನ್ನೊಂದು ನಮೂನಿ.

3/5: ರೊಕ್ಕ

ಮಾರೋರು ಹೆಚ್ಚಾಗಿ ಹೊರದೇಶದ ಕಲಾವಿದರು, ಬೆಲಿ ಡಾಲರ್‌ನ್ಯಾಗ. ಐದು ಡಾಲರ್ ಅಂದ್ರ ನಾಕುನೂರು ರೂಪಾಯಿ ದಾಟ್ತದ. ಮ್ಯಾಲ ಬ್ಯಾಂಕಿನವರು ವಿದೇಶಿ ವ್ಯವಹಾರದ ಶುಲ್ಕ ಹಿಡೀಬಹುದು, ಜಿಎಸ್‌ಟಿನೂ ಬರಬಹುದು. ಕಾರ್ಡ್ ನಡೀಲಿಲ್ಲ ಅಂತ ಗಾಬರಿ ಆಗಬ್ಯಾಡ್ರಿ. 2020ರ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್‌ನ್ಯಾಗ ಹೊರದೇಶದ ವ್ಯವಹಾರ ಬಂದ್ ಇರ್ತದ. ಕಾರ್ಡ್ ಯಾರದೋ ಅವರೇ ಬ್ಯಾಂಕ್ ಆ್ಯಪ್‌ನ್ಯಾಗ ಚಾಲೂ ಮಾಡ್ಬೇಕು, ಮಿತಿ ಹಾಕ್ಬೇಕು, ಕೆಲಸ ಆದ ಮ್ಯಾಲ ಮತ್ತ ಬಂದ್ ಮಾಡ್ಬೇಕು.

ಬಿಕಾಂ ಮಂದಿಗೆ ಇದು ಕಾಸ್ಟಿಂಗ್ ಪಾಠ. ನಕ್ಷೆ ಕೊಂಡದ್ದು ಸ್ಥಿರ ವೆಚ್ಚ, ಪ್ರಿಂಟ್ ಬದಲಾಗೋ ವೆಚ್ಚ. ಒಂದು ನಕ್ಷೆ ನಾಕು ಶನಿವಾರ ಆಡಿದ್ರ ವಾರಕ್ಕ ನೂರರ ಆಸುಪಾಸು, ಐವರಿಗೆ ಹಂಚಿದ್ರ ಇಪ್ಪತ್ತು ಚಿಲ್ಲರ. ನಮ್ಮ ಟೇಬಲ್ ನಿಯಮ ಹಿಂಗದ: ಹುಡುಗಿಯರಿಗೆ ಜೂನ್ 2023ರಿಂದ ಶಕ್ತಿ ಯೋಜನೆಯೊಳಗ ಬಸ್ ಪುಕ್ಕಟೆ, ಮಾನ್ವಿ ದೋಸ್ತ ಮಾತ್ರ ಹೋಗಿ ಬರಲಿಕ್ಕೆ ಟಿಕೆಟ್ ತಗೀತಾನ. ಅದಕ್ಕ ಅವನ ಹತ್ರ ನಕ್ಷೆ ರೊಕ್ಕ ತಗೊಳ್ಳೂದಿಲ್ಲ. ಇದನ್ನ ಹೇಳಿದ್ದು ಅವನಲ್ಲ, ದೇವದುರ್ಗದ ಗೆಳತಿ.

ಇನ್ನ "ಪಿಡಿಎಫ್ ಕಳ್ಸು" ಅಂದದ್ದಕ್ಕ ಉತ್ತರ: ಇಲ್ಲ. ನಾವು ಕೊಂಡ ಪರವಾನಗಿ ನಮ್ಮ ಟೇಬಲ್ಲಿಗೆ ಮಾತ್ರ. ಕೆಲವು ಅಂಗಡಿಯವರು ಕೊಂಡವರ ಹೆಸರು ಪುಟದ ಮ್ಯಾಲ ಹಾಕೇ ಕೊಡ್ತಾರ. ಒಬ್ಬರು ವಾರಗಟ್ಟಲೆ ಕುಂತು ಬರೆದದ್ದನ್ನ ಕ್ಲಾಸ್ ಗ್ರೂಪಿಗೆ ಎಸೆಯೂದು ನನಗ ಸರಿ ಕಾಣ್ಸೂದಿಲ್ಲ. ರೊಕ್ಕ ಇಲ್ಲಂದ್ರ ಕಾನೂನಿನ ಪುಕ್ಕಟೆ ದಾರಿನೂ ಅದ. ಕೆನಡಾದ ಡೈಸನ್ ಲೋಗೋಸ್ ಅಂತ ಒಬ್ಬರು ತಮ್ಮ ತಾಣದಾಗ ಕಪ್ಪು-ಬಿಳಿ ನಕ್ಷೆಗಳನ್ನ ರಾಶಿ ರಾಶಿ ಪುಕ್ಕಟೆ ಹಾಕ್ಯಾರ. ಬರೀ ಗೆರಿ ಇರೋದ್ರಿಂದ ಝೆರಾಕ್ಸ್‌ನ್ಯಾಗ ಚಂದ ಬರ್ತಾವ. ಡಂಜನ್ ಸ್ಕ್ರಾಲ್ ಅನ್ನೋ ತಾಣದಾಗ ನೀವೇ ಬರೀಬಹುದು.

4/5: ಪ್ರಿಂಟ್

ಫೈಲ್ ಎರಡು ನಮೂನಿ ಬರ್ತಾವ. ಪರದೆ ಮ್ಯಾಲ ಆಡೂದಕ್ಕ ಕೊಟ್ಟಿದ್ದು ಒಂದು ಮನಿಗೆ 70 ಪಿಕ್ಸೆಲ್ ಇರಬಹುದು. 30 × 20 ಮನಿ ನಕ್ಷೆ ಅಂದ್ರ 2100 × 1400 ಪಿಕ್ಸೆಲ್ ಅಷ್ಟೇ, ಇಂಚಿನ ಅಳತಿಗೆ ಹಾಕ್ಸಿದ್ರ ಮಸಕು. ಪ್ರಿಂಟಿಗೆ ಅಂತ ಕೊಟ್ಟಿದ್ದು ಮನಿಗೆ 300 ಪಿಕ್ಸೆಲ್ ಇದ್ರ ಚೊಲೊ, 150 ಇದ್ರೂ ನಡೀತದ. ಕೊಳ್ಳೂ ಮುಂದ ಇದನ್ನ ನೋಡ್ರಿ.

ಅಂಗಡಿಗೆ ಪೆನ್‌ಡ್ರೈವ್ ಒಯ್ರಿ. ವಾಟ್ಸಾಪ್‌ನ್ಯಾಗ ಕಳ್ಸೂದಾದ್ರ ಫೋಟೊ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳ್ಸ್ರಿ. ಫೋಟೊ ಅಂತ ಕಳ್ಸಿದ್ರ ಅದು ಕುಗ್ಗಿಸಿ ಬಿಡ್ತದ. "ಫಿಟ್" ಬ್ಯಾಡ, "ಆಕ್ಚುವಲ್ ಸೈಜ್, 100%" ಹಾಕ್ರಿ ಅಂತ ಹೇಳ್ರಿ. ಮೊದಲ ಒಂದೇ ಹಾಳಿ ತಗಸಿ ಸ್ಕೇಲ್ ಹಿಡೀರಿ. ಒಂದು ಮನಿ 2.5 ಸೆಂಟಿಮೀಟರ್ ಬಂದ್ರ ಮುಂದಿಂದು ತಗಸ್ರಿ.

ಎ4 ಹಾಳಿ ಅಡ್ಡ ಇಟ್ರ ಅಂಚು ಬಿಟ್ಟು 10 × 7 ಮನಿ ಹಿಡಿಸ್ತದ. 30 × 20 ನಕ್ಷೆಗೆ 9 ಹಾಳಿ. ಅಡೋಬಿ ರೀಡರ್‌ನ್ಯಾಗ "ಪೋಸ್ಟರ್" ಒತ್ತಿದ್ರ ತಾನೇ ತುಂಡು ಮಾಡ್ತದ. ನಮ್ಮ ಓಣಿ ಅಂಗಡ್ಯಾಗ ಕಪ್ಪು-ಬಿಳಿಗೆ ಹಾಳಿಗೆ 2 ರೂಪಾಯಿ, ಅಂದ್ರ 18ಕ್ಕ ಕೆಲಸ ಮುಗೀತು. ಅಂಚು ಕತ್ತರಿಸಿ ಹಿಂದ ಟೇಪ್ ಹಚ್ಚ್ರಿ. ಅಂಟಿಸೂದು ಬ್ಯಾಸರ ಅಂದ್ರ, ಮನಿ ಕಟ್ಟೋ ಪ್ಲ್ಯಾನ್ ಪ್ರಿಂಟ್ ಹಾಕೋ ಅಂಗಡಿಗೆ ಹೋಗ್ರಿ. ಎ1 ಹಾಳಿ 33 × 23 ಇಂಚು ಇರ್ತದ, ಇಡೀ ನಕ್ಷೆ ಒಂದೇ ಹಾಳಿಯೊಳಗ ಕುಂದರ್ತದ. ಇನ್ನೂ ನೋಡದ ಕೋಣೆಗಳ ಮ್ಯಾಲ ಹಳೇ ಪೇಪರ್ ಮುಚ್ಚಿಡ್ರಿ, ಬಾಗಿಲ ತೆಗೆದಾಗ ಒಂದೊಂದೇ ತೆಗೀರಿ.

5/5: ಊರ ನಕ್ಷೆ

ದೇವದುರ್ಗದ ಗೆಳತಿ ಚೀಲದಾಗ ದಾಳ ನೋಡಿ ಅವರ ಮನ್ಯಾಗ "ಕಾಲೇಜಿಗೆ ಹೋಗಿ ಜೂಜು ಕಲ್ತಿ?" ಅಂದ್ರು. ಶನಿವಾರ ಕ್ಲಾಸ್ ಮುಗಿದ ಕೂಡ್ಲೇ ಬಸ್ ಹತ್ತಬೇಕು ಅಂದ್ರು. ಅಕಿ ಎರಡು ವಾರ ಬರಲಿಲ್ಲ. ರೊಕ್ಕ ಕಟ್ಟೂದಿಲ್ಲ, ಬರೀ ಕತಿ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ.

ಆಗ ಆಟಕ್ಕ ಒಂದು ಊರಿನ ನಕ್ಷೆ ಬೇಕಾಗಿತ್ತು. ಕೊಳ್ಳೂ ನಕ್ಷೆಯೊಳಗ ಪೈನ್ ಮರ, ಹಿಮ, ಹೆಂಡದಂಗಡಿ. ಕರ್ನಾಟಕದ ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆ ತಾಣದಾಗ ಜಿಲ್ಲೆ, ತಾಲೂಕು, ಹೋಬಳಿ ಆರಿಸಿದ್ರ ಗ್ರಾಮ ನಕ್ಷೆಗಳ ಪಿಡಿಎಫ್ ಪುಕ್ಕಟೆ ಸಿಗ್ತದ. ಸರ್ವೆ ನಂಬರ್, ಹಳ್ಳ, ಕೆರಿ, ಬಂಡಿ ದಾರಿ, ಎಲ್ಲಾ ಗೆರಿಯೊಳಗ ಅದಾವ. ಅಕಿ ಊರಿಂದೇ ಇಳಿಸಿ, ಎ3ಯೊಳಗ ತಗಸಿ, ಕ್ಲಾಸ್‌ನ್ಯಾಗ ಅಕಿ ಕೈಗೆ ಕೊಟ್ವಿ. ಮನಿಗೆ ಒಯ್ದು ತೋರಿಸಿದ್ಲು.

ಅವರಪ್ಪ ಕನ್ನಡಕ ಹಾಕ್ಕೊಂಡು ಒಂದು ತಾಸು ನೋಡಿದ್ರಂತ. "ಈ ಬಂಡಿ ದಾರಿ ಕಾಗದದಾಗ ಅದ, ಹೊಲದಾಗ ಇಲ್ಲ. ನೇಗಿಲ ಹೊಡದು ಹೊಡದು ನುಂಗ್ಯಾರ" ಅಂದ್ರಂತ. ಬಾವಿ ಎಲ್ಲಿ ಮುಚ್ಚೇದ, ಹಳ್ಳ ಎಲ್ಲಿ ತಿರುಗೇದ, ಎಲ್ಲಾ ಪೆನ್ಸಿಲ್‌ನ್ಯಾಗ ಗುರುತು ಹಾಕಿ ಕೊಟ್ಟಾರ. ಆಮ್ಯಾಲ "ಇದರ ಮ್ಯಾಲ ಏನಾಡ್ತೀರಿ?" ಅಂತ ಕೇಳಿದ್ರಂತ. ಅಕಿ ಹೇಳಿದ್ಲು. ಶನಿವಾರಕ್ಕ ಒಪ್ಪಿಗಿ ಸಿಕ್ತು, ಕರಾರು ಒಂದೇ: ಕತ್ತಲಾಗೂದರೊಳಗ ಊರು ಸೇರಬೇಕು. ಅದಕ್ಕ ನಮ್ಮ ಆಟ ಈಗ ನಾಕಕ್ಕ ಮುಗೀತದ. ರಾಕ್ಷಸ ಸತ್ತಿರಲಿ, ಬಿಡಲಿ.

ಈಗ ನಾವು ಆಡ್ತಿರೋ ಕತಿನೇ ಅದು: ನಕ್ಷೆಯೊಳಗ ಇದ್ದು ನೆಲದ ಮ್ಯಾಲ ಕಾಣದ ದಾರಿ ಹುಡುಕೂದು. ಐದು ಡಾಲರ್ ಕೊಟ್ರೂ ಅದು ನನಗ ಸಿಗ್ತಿರಲಿಲ್ಲ. ಹಂಗಂತ ಕೊಳ್ಳೂದು ಬಿಟ್ಟಿಲ್ಲ. ಆ ಊರಿನ ಹಾಳು ಗುಡಿ ಒಳಗಿನ ಕೋಣೆಗಳಿಗೆ ಕೊಂಡ ನಕ್ಷೆನೇ ಹಾಸೀವಿ.

ನೀವೂ ನಿಮ್ಮ ಊರಿಂದು ಇಳಿಸಿಕೊಳ್ರಿ, ಪ್ರಿಂಟ್ ತಗಸ್ರಿ, ಮನ್ಯಾಗ ಹೊಲ ಬಲ್ಲ ಹಿರಿಯರ ಮುಂದ ಪೆನ್ಸಿಲ್ ಜೊತಿ ಇಡ್ರಿ. ಅವರು ಏನು ತಿದ್ದಿದ್ರು ಅಂತ ಕಾಮೆಂಟ್‌ನ್ಯಾಗ ಬರೀರಿ. ಸಿರವಾರ, ಲಿಂಗಸುಗೂರು, ಸಿಂಧನೂರು ಮಂದಿ, ನಿಮ್ಮಿಂದ ಇನ್ನೂ ಒಂದೂ ಬಂದಿಲ್ಲ.