ಹಿಡಿ ಅಕ್ಕಿ

1834ರಲ್ಲಿ ಬಾಸೆಲ್ ಮಿಷನ್ನಿನ ಮಿಷನರಿಗಳು ಮಂಗಳೂರಿಗೆ ಬಂದರು. ಅವರು ಸ್ಥಾಪಿಸಿದ ಕ್ರೈಸ್ತಸಭೆಗಳು, ಶಾಲೆಗಳು, ಮುದ್ರಣಾಲಯ, 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ - ಇವೆಲ್ಲವೂ ಚರಿತ್ರೆಯ ಪುಟಗಳಲ್ಲಿ ಸೇರಿವೆ. ಆ ಸಭೆಗಳನ್ನು ತಮ್ಮ ನಿತ್ಯದ ಬಾಳಿನಿಂದ ಪೋಷಿಸಿದ ಹೆಂಗಸರ ಹೆಸರುಗಳು ಮಾತ್ರ ಅಲ್ಲಿ ವಿರಳ. ಅಂಥವರಲ್ಲಿ ನನ್ನ ತಾಯಿಯೂ ಒಬ್ಬಳು.

ನಮ್ಮ ತಂದೆಯವರು ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ನಮ್ಮ ಮನೆಮಾತು ತುಳು. ಅಮ್ಮನ ಓದು, ಪ್ರಾರ್ಥನೆಗಳು ಕನ್ನಡದಲ್ಲಿ. ಆಕೆ ಶಾಲೆಯನ್ನು ಕಂಡದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೂ ಪ್ರತಿರಾತ್ರಿ ಚಿಮಣಿ ದೀಪದ ಬೆಳಕಿನಲ್ಲಿ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವಳು. ನಾವು ಐವರು ಮಕ್ಕಳು ಕನ್ನಡವನ್ನು ಮೊದಲು ಕಲಿತದ್ದು ಆ ಧ್ವನಿಯಿಂದಲೇ.

ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಮಡಕೆ ಇತ್ತು. ಕುಚ್ಚಲಕ್ಕಿಯನ್ನು ತೊಳೆಯುವ ಮುನ್ನ ಅಮ್ಮ ಅದರೊಳಗೆ ಒಂದು ಹಿಡಿ ಹಾಕುವಳು. ತಿಂಗಳ ಕೊನೆಯಲ್ಲಿ ಸಭೆಯ ಸ್ತ್ರೀಯರು ಮನೆಮನೆಯ ಅಕ್ಕಿಯನ್ನು ಒಟ್ಟುಗೂಡಿಸಿ, ದಿಕ್ಕಿಲ್ಲದವರಿಗೂ ರೋಗಿಗಳಿಗೂ ಹಂಚುತ್ತಿದ್ದರು.

ಒಂದು ಮಳೆಗಾಲದಲ್ಲಿ ತಂದೆಯವರು ಮೂರು ತಿಂಗಳು ಹಾಸಿಗೆ ಹಿಡಿದರು. ಕೂಲಿ ನಿಂತಿತು. ಅನ್ನ ಹೋಗಿ ಗಂಜಿಯಾಯಿತು. ಗಂಜಿಯೂ ದಿನದಿನಕ್ಕೆ ತೆಳುವಾಯಿತು. ರಾತ್ರಿ ಪತಿಯ ಶುಶ್ರೂಷೆ ಮಾಡಿ, ಹಗಲು ಬೀಡಿ ಕಟ್ಟಿ ಅಮ್ಮ ಸಂಸಾರವನ್ನು ನಡೆಸಿದಳು. ಆಗಲೂ ಮಡಕೆಗೆ ಬೀಳುವ ಹಿಡಿ ಅಕ್ಕಿ ತಪ್ಪಲಿಲ್ಲ.

"ನಮಗೇ ಸಾಲದಿರುವಾಗ ಪರರಿಗೇಕಮ್ಮಾ?" ಎಂದು ಅಣ್ಣ ಕೇಳಿದ.

"ಇದು ಮಿಕ್ಕದ್ದನ್ನು ಹಾಕುವ ಮಡಕೆಯಲ್ಲ ಮಗಾ. ಇದ್ದದ್ದರಲ್ಲಿ ಅವರ ಪಾಲು ಇದು" ಎಂದಳು ಅಮ್ಮ.

ಆ ತಿಂಗಳ ಕೊನೆಗೆ ಸಭೆಯ ಸ್ತ್ರೀಯರು ಅಕ್ಕಿಯ ಚೀಲವೊಂದನ್ನು ತಂದು ನಮ್ಮ ಜಗಲಿಯ ಮೇಲೆಯೇ ಇಳಿಸಿದರು. ಅಣ್ಣ ನಾಚಿ ಒಳಗೆ ಸರಿದ. ಅಮ್ಮ ನಾಚಲಿಲ್ಲ, ಕೈಮುಗಿದು ಸ್ವೀಕರಿಸಿದಳು. ಕೊಡುವಾಗ ಆಕೆಯ ಮುಖದಲ್ಲಿ ಹೆಮ್ಮೆಯಿರಲಿಲ್ಲ. ಆದುದರಿಂದಲೇ ಪಡೆಯುವಾಗ ಕುಗ್ಗಬೇಕಾಗಲಿಲ್ಲ. ಅಂದು ಒಲೆ ಹೊತ್ತಿಸುವ ಮೊದಲು ಆ ಚೀಲದಿಂದಲೂ ಒಂದು ಹಿಡಿ ತೆಗೆದು ಮಡಕೆಗೆ ಹಾಕಿದಳು.

ವರ್ಷಗಳು ಉರುಳಿದವು. ಮಕ್ಕಳೆಲ್ಲ ಒಂದೊಂದು ನೆಲೆ ಕಂಡ ಮೇಲೆ ಅಮ್ಮ ತೀರಿಕೊಂಡಳು. ಆಕೆಯ ಅಂತ್ಯಸಂಸ್ಕಾರಕ್ಕೆ ಜಾತಿಮತಗಳ ಭೇದವಿಲ್ಲದೆ ಜನರು ಬಂದರು. ಅವರಲ್ಲಿ ಎಷ್ಟೋ ಮಂದಿಯ ಗುರುತು ನಮಗಿರಲಿಲ್ಲ. ಯಾರಿಗೆ ಏನು ಕೊಟ್ಟೆನೆಂದು ಅಮ್ಮ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.