ಕರಡಿ ದಾರಿಯಲ್ಲಿ ಕೈಯಲ್ಲಿ ಏನಿರಬೇಕು: ಗುಂಡಿನ ತೂಕದ ಲೆಕ್ಕ

ಈ ವಾರ ಮೆಕ್ಕೆಜೋಳದ ಸೈನಿಕ ಹುಳದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಮೊದಲು ಕರಡಿ ವಿಷಯ ಬರೆದುಬಿಡ್ತೀನಿ, ಯಾಕಂದ್ರೆ ಊರಾಗೆ ಹುಡುಗರು ಆಗಲೇ ಬಂದೂಕಿನ ಲೈಸೆನ್ಸ್ ಅರ್ಜಿ ತುಂಬಿಸೋಕೆ ತಾಲೂಕು ಕಚೇರಿ ಮುಂದೆ ಓಡಾಡ್ತಿದ್ದಾರೆ.

ಹದಿನೈದು ದಿನದ ಹಿಂದೆ ಹಳ್ಳದ ಆಚೆ ಹೊಲದ ಅಣ್ಣನ ಮೇಲೆ ಕರಡಿ ಬಿದ್ದದ್ದು ನಿಮಗೆಲ್ಲ ಗೊತ್ತೇ ಐತೆ. ರಾತ್ರಿ ಪಾಳಿ ಕರೆಂಟು, ಬೆಳಗಿನ ಜಾವ ಮೋಟ್ರು ಬಂದ್ ಮಾಡೋಕೆ ಹೋಗಿದ್ದ. ಜೋಳದ ಸಾಲಿನಿಂದ ಕರ್ರಗೆ ಏನೋ ಎದ್ದದ್ದು ಕಂಡಿದ್ದು, ಅಷ್ಟೇ. ಈಗ ಮನೆಗೆ ಬಂದಿದ್ದಾನೆ. ಹಣೆಯಿಂದ ಕೆನ್ನೆವರೆಗೆ ಹೊಲಿಗೆ, ಬಲಗೈ ಇನ್ನೂ ಮೇಲಕ್ಕೆ ಎತ್ತೋಕೆ ಆಗಲ್ಲ. ಕರಡಿ ನಮ್ಮ ಕಡೆಯೋರಿಗೆ ಹೊಸದಲ್ಲ. ದರೋಜಿ ಕರಡಿಧಾಮ 1994ರಲ್ಲಿ ಆಯ್ತು, ಗುಡೇಕೋಟೆಯದು 2013ರಲ್ಲಿ. ಅದಕ್ಕೂ ಮುಂಚಿಂದ ಈ ಬಂಡೆ ಸಾಲಿನ ಗವಿಗಳೆಲ್ಲ ಅವುಗಳ ಮನೆಯೇ. ಆದರೆ ಈಗ ಹಳ್ಳದ ಗುಂಟ ಬಳ್ಳಾರಿ ಜಾಲಿ ಬೆಳೆದು ಹೊಲದ ಬದುವಿಗೇ ಬಂದು ನಿಂತೈತೆ. ಗವಿಯಿಂದ ಜೋಳದ ಸಾಲಿಗೆ ಬರೋ ತನಕ ಕರಡಿಗೆ ಮರೆಯೇ ಮರೆ.

ಅವತ್ತಿಂದ ನಮ್ಮ ಮನ್ಯಾಗೆ ನಮ್ಮ ಹುಡುಗಂದು ಒಂದೇ ಪಟ್ಟು. "ಅಪ್ಪ, ತಾತನ ಬಂದೂಕು ಠಾಣೆಯಲ್ಲಿ ಬಿದ್ದೈತೆ, ವಾರಸುದಾರರಿಗೆ ಕೊಡ್ತಾರಂತೆ, ನಿನ್ನ ಹೆಸರಿಗೆ ಮಾಡಿಸಿಕೋ. ಇಲ್ಲಾ ಅಂದ್ರೆ ನನಗೊಂದು ರಿವಾಲ್ವರ್ ಕೊಡ್ಸು." ರಾತ್ರಿ ಮೋಟ್ರು ಚಾಲು ಮಾಡೋಕೆ ಹೋಗೋನು ಅವನೇ. ಹಂಗಾಗಿ ಈ ಮಾತು ನಗೆಯಾಡಿ ತಳ್ಳಿ ಹಾಕೋ ಹಂಗಿಲ್ಲ.

ಇದೇ ಹೊತ್ತಿಗೆ ಅಮೆರಿಕದಾಗಿರೋ ನಮ್ಮ ತಂಗಿ ಮಗ ಫೋನ್ ಮಾಡಿದ್ದ. ವಿಷಯ ಕೇಳಿ, "ಮಾವ, ನಾನು ಅಲಾಸ್ಕಕ್ಕೆ ಮೀನು ಹಿಡಿಯೋಕೆ ಹೋದಾಗ ನಮ್ಮ ಜೊತೆಗಿದ್ದ ಗೈಡು ಎದೆಗೇ ರಿವಾಲ್ವರ್ ಕಟ್ಕೊಂಡಿದ್ದ" ಅಂದ. ಸೊಂಟಕ್ಕೆ ಯಾಕಿಲ್ಲ ಅಂದ್ರೆ ಸೊಂಟದ ತನಕ ನೀರಾಗೆ ನಿಂತಿರ್ತಾರಂತೆ. ಆ ಗೈಡು ಇವನಿಗೆ ಗುಂಡಿನ ಪಾಠ ಮಾಡಿದ್ದನಂತೆ. ಒಂದು ತಾಸು ಅದನ್ನೇ ಕೇಳಿದೆ. ಕೇಳಿದ್ದು ನಮಗೂ ಉಪಯೋಗ ಐತೆ, ಬಂದೂಕು ತಗೊಳ್ಳೋರಿಗೂ, ತಗೊಳ್ಳದೆ ಇರೋರಿಗೂ.

ಅಲ್ಲಿಯೋರು ಗುಂಡನ್ನ ಗ್ರೇನ್ ಅನ್ನೋ ತೂಕದಾಗೆ ಹೇಳ್ತಾರೆ. ಹೆಚ್ಚು ಕಡಿಮೆ ಹದಿನೈದೂವರೆ ಗ್ರೇನ್ ಸೇರಿದ್ರೆ ಒಂದು ಗ್ರಾಂ. 44 ಮ್ಯಾಗ್ನಂ ಅಂತ ದೊಡ್ಡ ರಿವಾಲ್ವರ್, ಅದಕ್ಕೆ ಸಾಮಾನ್ಯವಾಗಿ 240 ಗ್ರೇನ್ ಗುಂಡು. ಕರಡಿ ಇರೋ ಕಡೆ ಹೋಗೋರು ಅದೇ ರಿವಾಲ್ವರಿಗೆ 300 ಗ್ರೇನಿನ ಭಾರದ ಗುಂಡು ಹಾಕ್ಕೋತಾರೆ. ಅಂದ್ರೆ 19 ಗ್ರಾಂ ಮೇಲೆ. ಅದೂ ಬರೀ ಸೀಸ ಅಲ್ಲ. ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿ ಎರಕ ಹೊಯ್ದದ್ದು, ಮೂತಿ ಚಪ್ಪಟೆ.

ಯಾಕೆ ಹಂಗೆ? ಮನುಷ್ಯರಿಂದ ರಕ್ಷಣೆಗೆ ಅಂತ ಮಾಡಿದ ಗುಂಡು ತುದಿಯಲ್ಲಿ ಟೊಳ್ಳಾಗಿರ್ತದೆ. ಮೈಗೆ ಹೊಕ್ಕ ಕೂಡ್ಲೆ, ಗೂಟದ ತಲೆ ಸುತ್ತಿಗೆ ಏಟಿಗೆ ಹರಡಿದಂಗೆ ಅಗಲ ಆಗಿ ಅಲ್ಲೇ ನಿಂತುಬಿಡ್ತದೆ. ಕರಡಿಗೆ ಅದು ಸಾಲದು. ದಪ್ಪ ಕೂದಲು, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಹೆಗಲಿನ ಮಾಂಸ, ಆಮೇಲೆ ಮೂಳೆ. ಇಷ್ಟೂ ದಾಟಿ ಒಳಗೆ ಹೋಗಬೇಕು. ಗಟ್ಟಿ ನೆಲಕ್ಕೆ ಗುದ್ದಲಿ ಹಾಕಿದ್ರೆ ಮೇಲೆ ಕೆರೀತದೆ, ಹಾರೆ ಹಾಕಿದ್ರೆ ಇಳೀತದೆ. ಹಾರೆಗೆ ಭಾರ ಐತೆ, ಆ ಭಾರ ಎಲ್ಲ ಒಂದು ಸಣ್ಣ ತುದಿ ಹಿಂದೆ ಐತೆ. ಭಾರದ ಗುಂಡಿನ ಲೆಕ್ಕವೂ ಇದೇ. ಚಪ್ಪಟೆ ಮೂತಿ ಯಾಕೆ ಅಂದ್ರೆ, ದುಂಡು ಮೂತಿಯದು ಓರೆ ಮೂಳೆಗೆ ತಾಗಿ ಪಕ್ಕಕ್ಕೆ ಜಾರೋದು ಹೆಚ್ಚು. ಚಪ್ಪಟೆಯದು ನೆಟ್ಟಗೆ ಹೋಗ್ತದೆ, ದಾರಿಯನ್ನೂ ಅಗಲ ಮಾಡ್ತದೆ.

ಇದು ಸರಿಯಾದ ಲೆಕ್ಕ, ನಾನು ತಲೆ ಅಲ್ಲಾಡಿಸಿದೆ. ಆದರೆ ಭಾರಕ್ಕೂ ಒಂದು ಬೆಲೆ ಐತೆ. ಗುಂಡು ಭಾರ ಆದಷ್ಟೂ ಕೈಗೆ ಒದೆತ ಜಾಸ್ತಿ. ಮೊದಲ ಏಟಿಗೆ ರಿವಾಲ್ವರ್ ಮೂತಿ ಆಕಾಶ ನೋಡ್ತದೆ, ಅದನ್ನ ಇಳಿಸಿ ಎರಡನೇ ಏಟು ಹಾಕೋದ್ರೊಳಗೆ ಕರಡಿ ಮೈಮೇಲೆ. ಅದಕ್ಕೆ ಅಲ್ಲಿಯೋರು ವರ್ಷಗಟ್ಟಲೆ ಗುರಿ ಹೊಡೆದು ಕೈ ಪಳಗಿಸ್ತಾರೆ. ಅಭ್ಯಾಸಕ್ಕೇ ಡಬ್ಬಿಗಟ್ಟಲೆ ಗುಂಡು ಸುಡ್ತಾರಂತೆ. ನಮಗೆ ಲೈಸೆನ್ಸ್ ಮೇಲೆ ಕೊಡೋದೇ ಎಣಿಸಿ.

ಇನ್ನು ನಮ್ಮ ಕಡೆ ಸಿಗೋದು ಏನು? ಸಾಮಾನ್ಯ ಜನಕ್ಕೆ ಲೈಸೆನ್ಸ್ ಮೇಲೆ ಸಿಗೋ ರಿವಾಲ್ವರ್ ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ 32 ಬೋರಿನದು. (ಬೋರು ಅಂದ ಕೂಡ್ಲೆ ನಮಗೆ ನೆನಪಾಗೋದು ಬತ್ತಿದ ಕೊಳವೆಬಾವಿ, ಇರ್ಲಿ.) ಅದರ ಗುಂಡು 98 ಗ್ರೇನ್, ಆರು ಗ್ರಾಂ ಚಿಲ್ಲರೆ. ದುಂಡು ಮೂತಿ, ಮೆತ್ತನೆ ಸೀಸ, ವೇಗವೂ ಕಡಿಮೆ. ಅಲಾಸ್ಕದ ಗುಂಡಿನ ಮೂರರಲ್ಲಿ ಒಂದು ಪಾಲು ತೂಕ. 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತ ನಿರ್ಭೀಕ್ ಅನ್ನೋ ಹಗುರ ರಿವಾಲ್ವರ್ ಬಂತಲ್ಲ, ಅದೂ ಇದೇ 32. ಆವಾಗಲೇ ಅದರ ರೇಟು ಲಕ್ಷ ದಾಟಿತ್ತು. ಇಂಥದ್ದನ್ನ ನಂಬಿ ನೂರು ಕೆಜಿ ಕರಡಿ ಮುಂದೆ ನಿಲ್ಲೋದು, ಸುಮ್ನೆ ಅದನ್ನ ಕೆರಳಿಸಿದಂಗೆ.

ಬೆಳೆ ರಕ್ಷಣೆ ಲೈಸೆನ್ಸಿನ ಬಂದೂಕು ಬೇರೆ ವಿಷಯ. 12 ಬೋರ್ ಅಂತ ಯಾಕೆ ಕರೀತಾರೆ ಗೊತ್ತಾ? ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಕೂರೋ ಅಳತೆಯ ಹನ್ನೆರಡು ದುಂಡನೆ ಗುಂಡು ಆಗ್ತಾವೆ, ಅದಕ್ಕೆ. ಲೆಕ್ಕ ಹಾಕಿ ನೋಡಿ, ಒಂದೊಂದು ಗುಂಡು 37 ಗ್ರಾಂ ಮೇಲೆ. ಅಲಾಸ್ಕದ ರಿವಾಲ್ವರಿನ ಭಾರದ ಗುಂಡಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು. ಹಂಗಾಗಿ ತೂಕದ ಮಾತಿಗೆ ಬಂದ್ರೆ ನಮ್ಮ ಹಳೇ ಬಂದೂಕು ಕಡಿಮೆ ಏನಲ್ಲ. ಆದರೆ ನಮ್ಮೋರು ಅದಕ್ಕೆ ಹಾಕೋದು ಏನು? ಹಂದಿ ಓಡಿಸೋಕೆ, ಹಕ್ಕಿ ಓಡಿಸೋಕೆ ಸಣ್ಣ ಚರೆ. ಅದೇ ತೂಕದ ಸೀಸ ನೂರಾರು ಚೂರಾಗಿ ಹೋಗಿ ಕೂದಲಿನಾಗೇ ಸಿಕ್ಕೊಂತದೆ. ಕರಡಿ ಸಾಯಲ್ಲ, ಓಡಿ ಜಾಲಿಯೊಳಗೆ ಕೂತ್ಕೊಂತದೆ. ಗಾಯ ಕೊಳೆತು ನೋವಾಗಿ, ಮೂರು ದಿನದ ಮೇಲೆ ಸೌದೆಗೆ ಹೋದ ಯಾವುದೋ ಹೆಣ್ಣುಮಗಳ ಮೇಲೆ ಬೀಳ್ತದೆ. ಚರೆ ಹಾಕಿ ಕರಡಿಗೆ ಹೊಡೆಯೋನು ಪಕ್ಕದ ಹೊಲದವನಿಗೆ ಹೊಡೆದಂಗೆ. ಈ ಮಾತಿಗೆ ಯಾರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಅರಸೀಕೆರೆ ಕಡೆ ಜನರನ್ನ ಕೊಂದ ಕರಡಿಯ ಕಥೆ ಕೆನೆತ್ ಆಂಡರ್ಸನ್ ಬರೆದದ್ದು ನಿಮ್ಮಲ್ಲಿ ಕೆಲವರು ಓದಿರ್ತೀರಿ. ಅಂಥವರ ಕೈಯಲ್ಲಿದ್ದದ್ದು ರಿವಾಲ್ವರ್ ಅಲ್ಲ, 405 ವಿಂಚೆಸ್ಟರ್ ರೈಫಲ್. ಅದರ ಗುಂಡೂ 300 ಗ್ರೇನೇ, ಆದರೆ ವೇಗ ರಿವಾಲ್ವರಿನ ಒಂದೂವರೆ ಪಟ್ಟಿಗೂ ಜಾಸ್ತಿ. ಅಂಥ ಶಿಕಾರಿ ಕೂಡ ಕರಡಿ ಹುಡುಕಿಕೊಂಡು ಹೋಗಿ ಕಾದು ಹೊಡೆದದ್ದು. ನಾವು ಹೋಗೋದು ಮೋಟ್ರು ಚಾಲು ಮಾಡೋಕೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಪ್ಯೂಸ್ ತಂತಿ.

ಇಲ್ಲೇ ನೋಡಿ ಎರಡು ಊರಿನ ವ್ಯತ್ಯಾಸ. ಅಲಾಸ್ಕದ ಕಂದು ಕರಡಿ ದೊಡ್ಡದು, ಗಂಡು 600 ಕೆಜಿ ದಾಟೋದೂ ಉಂಟು. ನಮ್ಮದು ಗಂಡು 80ರಿಂದ 145 ಕೆಜಿ ಅಷ್ಟೇ. ಹಂಗಂತ ನಮ್ಮದು ಸಾಧು ಅಂದ್ಕೋಬೇಡಿ. ಅಲ್ಲಿ ನದಿ ದಂಡೆ, ಬಯಲು, ದೂರದಿಂದಲೇ ಕಾಣ್ತದೆ, ಎಷ್ಟೋ ಸಲ ಯೋಚನೆ ಮಾಡೋಕೆ ಹೊತ್ತು ಸಿಗ್ತದೆ. ನಮ್ಮ ಕರಡಿಗೆ ಕಣ್ಣು ಮಂದ. ಮೂಗು ಚುರುಕು, ಆದರೆ ಗಾಳಿ ಎದುರಿಗಿದ್ರೆ ಅದೂ ಇಲ್ಲ. ಹುತ್ತ ಅಗೆದು ಗೆದ್ದಲು ಹೀರುವಾಗ ಅದರ ಸದ್ದೇ ಅದಕ್ಕೆ, ಬೇರೆ ಏನೂ ಕೇಳಲ್ಲ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅದಕ್ಕೆ ಇರಲ್ಲ, ಆ ಸಂದಿಯಿಂದಲೇ ಹೀರೋದು. ನಾವು ಹತ್ತು ಮಾರು ದೂರ ಬರೋ ತನಕ ಅದಕ್ಕೆ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಗೊತ್ತಾದಾಗ ಓಡೋ ಬದಲು ಮೇಲೆ ಬೀಳ್ತದೆ, ಅದೂ ಮುಖಕ್ಕೇ. ಮರಿ ಬೆನ್ನ ಮೇಲಿದ್ರಂತೂ ಕೇಳೋದೇ ಬೇಡ. ಅಷ್ಟರಲ್ಲಿ ನೀವು ಹೆಗಲಿಂದ ಬಂದೂಕು ಇಳಿಸ್ತೀರಾ? ತಾತನ ನಾಡ ಬಂದೂಕು ಅಂದ್ರೆ ಮದ್ದು ಜಡಿದು, ಕೇಪು ಇಟ್ಟು... ಕರಡಿ ಕೂತು ಕಾಯ್ತದಾ?

ಅಳಿಯ ಇನ್ನೊಂದು ವಿಷಯ ಹೇಳಿದ. ಅಲಾಸ್ಕದಲ್ಲಿ ಸ್ಮಿತ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯೋರು ಹಳೇ ದಾಖಲೆ ತೆಗೆದು, ಬಂದೂಕು ಕೈಯಲ್ಲಿದ್ದಾಗ ಕರಡಿ ಎದುರಾದ 269 ಪ್ರಸಂಗ ಲೆಕ್ಕ ಹಾಕಿ 2012ರಲ್ಲಿ ಅಚ್ಚು ಮಾಡಿದ್ರಂತೆ. ಕೈಬಂದೂಕು ನೂರಕ್ಕೆ 84 ಸಲ ಕೆಲಸ ಮಾಡೈತೆ, ಉದ್ದ ಬಂದೂಕು 76 ಸಲ. ಒಳ್ಳೇದೇ ಅನ್ನಿಸ್ತದೆ. ಆದರೆ ಅದೇ ಲೆಕ್ಕದಲ್ಲಿ, ಬಂದೂಕು ಬಳಸಿದೋರಿಗೂ ಬಳಸದೋರಿಗೂ ಆದ ಗಾಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಅವರೇ 2008ರಲ್ಲಿ ಕಾರದ ಸ್ಪ್ರೇ ಲೆಕ್ಕ ಹಾಕಿದಾಗ, ಕಂದು ಕರಡಿ ನೂರಕ್ಕೆ 92 ಸಲ ಹಿಂದೆ ಸರಿದಿತ್ತು. ಆ ಸ್ಪ್ರೇ ನಮ್ಮ ಪೇಟೆಯಲ್ಲಿ ಹುಡುಗಿಯರು ಪರ್ಸಲ್ಲಿ ಇಟ್ಕೊಳ್ಳೋ ಪುಟ್ಟ ಡಬ್ಬಿ ಅಲ್ಲ, ಕಾಲು ಕೆಜಿ ಹತ್ರ ತೂಗೋ ಡಬ್ಬಿ, ಇಪ್ಪತ್ತೈದು ಅಡಿ ದೂರ ಮೋಡದಂಗೆ ಹರಡ್ತದೆ. ಗುರಿ ಬೇಕಾಗಿಲ್ಲ. ಅಂಥದ್ದು ನಮ್ಮ ಕಡೆ ಅಂಗಡಿಯಲ್ಲಿ ಸಿಕ್ಕಿದ್ರೆ ನಾನು ರಿವಾಲ್ವರ್ ಬಿಟ್ಟು ಅದನ್ನೇ ತಗೊಂತಿದ್ದೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ, ಹುಡುಗರು ಇದನ್ನ ಓದ್ಲೇಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಕರಡಿ ಮೊದಲನೇ ಶೆಡ್ಯೂಲಿನಲ್ಲಿ ಐತೆ, ಹುಲಿ ಸಾಲಿನಲ್ಲಿ. ಬೇಟೆ ಅಂತ ಸಾಬೀತಾದ್ರೆ ಕಡಿಮೆ ಅಂದ್ರೂ 3 ವರ್ಷ, 7 ವರ್ಷದ ತನಕ ಜೈಲು. ಪ್ರಾಣ ಉಳಿಸಿಕೊಳ್ಳೋಕೆ ಪ್ರಾಮಾಣಿಕವಾಗಿ ಹೊಡೆದದ್ದು ಅಪರಾಧ ಅಲ್ಲ ಅಂತ 11ನೇ ಕಲಂ ಹೇಳ್ತದೆ, ಆದರೆ ಅದನ್ನ ಹೇಳಬೇಕಾದೋನು ನೀನೇ. ಬೆಳೆ ರಕ್ಷಣೆ ಲೈಸೆನ್ಸ್ ಐತೆ ಅಂದ ಮಾತ್ರಕ್ಕೆ ಕರಡಿಗೆ ಹೊಡೆಯೋ ಹಕ್ಕು ಬರಲ್ಲ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಜಮಾ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಅಂತ ಎಷ್ಟು ಸಲ ಬರ್ತಾವೆ ಲೆಕ್ಕ ಹಾಕಿ. ಕರಡಿಗೆ ಚುನಾವಣೆ ಇಲ್ಲ.

ಹಿಂಗೆಲ್ಲ ಲೆಕ್ಕ ಹಾಕಿ ಮಗನಿಗೆ ಹೇಳಿದೆ: ತಾತನ ಬಂದೂಕು ಠಾಣೆಯಲ್ಲೇ ಇರ್ಲಿ, ರಿವಾಲ್ವರೂ ಬೇಡ. ಅವನು ಎರಡು ದಿನ ಮಾತು ಬಿಟ್ಟ. "ನಾಳೆ ನನಗೇನಾದ್ರೂ ಆದ್ರೆ?" ಅಂತ ಅವರವ್ವನ ಹತ್ರ ಅಂದನಂತೆ. ಆ ಮಾತು ನನಗೆ ನಿದ್ದೆ ಕೊಟ್ಟಿಲ್ಲ. ಬಂದೂಕು ಬೇಡ ಅಂದೋನು ಬೇರೆ ಏನು ಬೇಕು ಅಂತ ಮಾಡಿ ತೋರಿಸಬೇಕಲ್ಲ.

ಮೊದಲು ರಾತ್ರಿ ಹೋಗೋದನ್ನೇ ನಿಲ್ಲಿಸಿದೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದೆ, ಮನೆಯಿಂದಲೇ ಮೋಟ್ರು ಚಾಲು, ಮನೆಯಿಂದಲೇ ಬಂದ್. ರಿವಾಲ್ವರ್ ರೊಕ್ಕದಾಗೆ ಇಂಥವು ಹತ್ತು ಹೊಲಕ್ಕೆ ಆಗ್ತಾವೆ. ಪೈಪು ಒಡೆದ್ರೆ, ಪ್ಯೂಸ್ ಹೋದ್ರೆ ಬಿಸಿಲು ಬಂದ ಮೇಲೆ ನೋಡೋದು, ಒಂದು ರಾತ್ರಿ ನೀರು ತಪ್ಪಿದ್ರೆ ಜೋಳ ಸಾಯಲ್ಲ. ಹೋಗಲೇಬೇಕು ಅಂದ್ರೆ ಇಬ್ಬರು, ತಲೆಗೆ ಕಟ್ಟೋ ಬ್ಯಾಟರಿ, ಕೈ ಎರಡೂ ಖಾಲಿ ಇರ್ತಾವೆ. ಎತ್ತಿನ ಕೊರಳ ಗಂಟೆ ಅಟ್ಟದ ಮೇಲೆ ಧೂಳು ತಿಂತಿತ್ತು, ಅದನ್ನ ಬಿಚ್ಚಿ ಬಿದಿರು ಕೋಲಿಗೆ ಕಟ್ಟಿದೀನಿ. ಹೆಜ್ಜೆಗೊಮ್ಮೆ ನೆಲಕ್ಕೆ ಕುಟ್ಟಿದ್ರೆ ಗಣಗಣ ಅಂತದೆ. ಮಗ ಮೊದಲು, "ದಾಸಯ್ಯ ಬಂದ ಅಂತಾರೆ" ಅಂತ ನಕ್ಕ. ನಗ್ಲಿ. ಕರಡಿಗೆ ನಾವು ಬರೋದು ಮುಂಚೆ ಗೊತ್ತಾದ್ರೆ ಮುಕ್ಕಾಲು ಪಾಲು ಅದೇ ಜಾಗ ಬಿಡ್ತದೆ.

ಅಷ್ಟಾದ್ರೂ ಮೇಲೆ ಬಿದ್ರೆ? ಓಡಬೇಡಿ, ಅದು ನಮಗಿಂತ ಜೋರು. ಮರ ಹತ್ತಬೇಡಿ, ಅದೂ ಹತ್ತುತ್ತೆ. ಬೋರಲು ಮಲಗಿ, ಮುಖ ನೆಲಕ್ಕೆ, ಎರಡೂ ಕೈ ಹಿಂಗತ್ತಿಗೆ ಕಟ್ಟಿಕೊಳ್ಳಿ, ಅದು ಬಿಟ್ಟು ಹೋಗೋ ತನಕ ಏಳಬೇಡಿ. ಮಕ್ಕಳಿಗೂ ಇದನ್ನ ಮಲಗಿಸಿ ತೋರಿಸಿ, ಬಾಯಿಮಾತಿಗೆ ನೆನಪಿರಲ್ಲ. ಹಂದಿಗೆ ಅಂತ ಸಿಡಿಮದ್ದು ಇಡೋದು, ಬೇಲಿಗೆ ಕರೆಂಟು ಕೊಡೋದು ದಯವಿಟ್ಟು ಬೇಡ. ಹೋದ ಸಲ ಅಂಥ ತಂತಿಗೆ ಸಿಕ್ಕಿದ್ದು ನಮ್ಮೂರ ಎಮ್ಮೆ.

ಜೋಳ ತೆನೆ ಕಟ್ಟೈತೆ, ಸೀತಾಫಲ ಹಣ್ಣಾಗ್ತಾ ಐತೆ, ಶೇಂಗಾ ಕೀಳೋ ಹೊತ್ತು. ಇನ್ನೊಂದು ತಿಂಗಳು ಕರಡಿ ಇಲ್ಲೇ ಸುತ್ತಾಡ್ತದೆ. ಬರೋ ಭಾನುವಾರ ಹಳ್ಳದ ದಾರಿಯ ಎರಡೂ ಕಡೆ ಹತ್ತತ್ತು ಅಡಿ ಬಳ್ಳಾರಿ ಜಾಲಿ ಕಡಿಯೋದು ಅಂತ ಏಳು ಮನೆಯೋರು ಮಾತಾಡಿಕೊಂಡಿದೀವಿ. ಹಳ್ಳದ ಆಚೆ ಹೊಲ ಇರೋರೆಲ್ಲ ಕೊಡ್ಲಿ, ಕುಡುಗೋಲು ತಗೊಂಡು ಬನ್ನಿ. ಬುತ್ತಿ ನಮ್ಮ ಮನೆಯಿಂದ. ಒಂಬತ್ತು ಗಂಟೆಗೆ ಶುರು, ಅದಕ್ಕಿಂತ ಮುಂಚೆ ಯಾರೂ ಒಬ್ಬೊಬ್ಬರೇ ಬಂದು ಜಾಲಿಯೊಳಗೆ ಕೈ ಹಾಕಬೇಡಿ.